ಹಳೆಯ ಹೆದ್ದಾರಿಯಲ್ಲಿ ನಾಲ್ಕು ರಾತ್ರಿಗಳು

ಮಕ್ಕಳು ಪರದೇಶದಲ್ಲಿ ನೆಲೆಸಿದ ಮೇಲೆ ತಂದೆತಾಯಿಗಳಿಗೆ ಅಮೇರಿಕೆಯ ಪ್ರವಾಸವು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹೋಗಿ ಬಂದವರೆಲ್ಲ ನಯಾಗರ ಜಲಪಾತವನ್ನೂ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳನ್ನೂ ಬಾಯ್ತುಂಬ ವರ್ಣಿಸುವುದುಂಟು. 2024ರ ಅಕ್ಟೋಬರ್ ತಿಂಗಳಿನಲ್ಲಿ ನಾವು ದಂಪತಿಗಳು ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿರುವ ಮಗನ ಮನೆಗೆ ಹೋದಾಗ, ಅವನು ನಮ್ಮನ್ನು ಕರೆದೊಯ್ದದ್ದು ಮಾತ್ರ ಸರಕಾರವೇ ಪಟ್ಟಿಯಿಂದ ತೆಗೆದುಹಾಕಿದ ಒಂದು ಹಳೆಯ ರಸ್ತೆಗೆ.

ನಮ್ಮ ಮನಸ್ಸಿನಲ್ಲಿ ಆಗ ಬೇರೊಂದು ಚಿಂತೆಯಿದ್ದಿತು. ಪುಣೆ-ಬೆಂಗಳೂರು ಹೆದ್ದಾರಿಯು ಒಂದು ಕಾಲಕ್ಕೆ ನಮ್ಮ ಊರಿನ ನಡುವೆಯೇ ಹಾದು ಹೋಗುತ್ತಿತ್ತು. ಹಿರಿಯರು ಆ ರಸ್ತೆಗೆ ಮುಖ ಮಾಡಿ ಮನೆ ಕಟ್ಟಿಸಿ, ಮುಂದಿನ ಪಡಸಾಲೆಯಲ್ಲಿ ಖಾನಾವಳಿ ನಡೆಸಿದ್ದರು. ಹೆದ್ದಾರಿಯು ಅಗಲಗೊಂಡು ಊರ ಹೊರಗಿನಿಂದ ಹಾದ ಮೇಲೆ ಲಾರಿಗಳು ಬಾರದಾದವು; ಖಾನಾವಳಿಯ ಒಲೆ ಆರಿತು. ಈಗ ಮನೆಯನ್ನು ಕೊಳ್ಳುವವರು ಬಂದಿದ್ದರು. ಮಗನನ್ನು ಕೇಳಿ ಹೇಳುತ್ತೇವೆಂದು ಅವರಿಗೆ ಮಾತು ಕೊಟ್ಟು ವಿಮಾನ ಹತ್ತಿದ್ದೆವು. ಆದರೆ ವಾರ ಎರಡು ಕಳೆದರೂ ಆ ಮಾತನ್ನೆತ್ತಲು ನಾಲಿಗೆ ಏಳಲಿಲ್ಲ. ಮನೆಯ ವಿಷಯ ಕೇಳುವುದೆಂದರೆ "ನೀನು ಮರಳಿ ಬರುವೆಯಾ?" ಎಂದು ಕೇಳಿದಂತೆಯೇ ಅಲ್ಲವೇ?

ಮಗನಿಗೆ ಛಾಯಾಚಿತ್ರ ತೆಗೆಯುವ ಹವ್ಯಾಸ. ಅವನು, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು ಮತ್ತು ನಾವು, ಎರಡು ಡೇರೆ, ಒಂದು ಗ್ಯಾಸಿನ ಒಲೆ ಹೇರಿಕೊಂಡು ಹೊರಟೆವು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅವಲಕ್ಕಿ ನಮ್ಮ ಜೊತೆಗಿದ್ದವು.

ಹಾದಿಯ ಹೆಸರು ರೂಟ್ 66. ಇದು 1926ರಲ್ಲಿ ಹುಟ್ಟಿದ ರಾಷ್ಟ್ರೀಯ ಹೆದ್ದಾರಿ. ಶಿಕಾಗೊ ನಗರದಿಂದ ಎಂಟು ರಾಜ್ಯಗಳನ್ನು ದಾಟಿ ಪೆಸಿಫಿಕ್ ಸಾಗರದ ದಂಡೆಯ ಸಾಂಟಾ ಮೋನಿಕಾವನ್ನು ಮುಟ್ಟುತ್ತಿದ್ದ ಅದರ ಉದ್ದ ಸುಮಾರು 2,400 ಮೈಲಿ. 1930ರ ದಶಕದಲ್ಲಿ ಮಳೆಯಿಲ್ಲದೆ, ಧೂಳಿನ ಬಿರುಗಾಳಿಗೆ ಹೊಲದ ಮೇಲ್ಮಣ್ಣೇ ಹಾರಿಹೋದಾಗ, ಓಕ್ಲಹೋಮಾ ಮತ್ತು ಸುತ್ತಲಿನ ರಾಜ್ಯಗಳ 2 ಲಕ್ಷಕ್ಕೂ ಹೆಚ್ಚು ಜನ ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೋದರು. ಅವರಲ್ಲಿ ಬಹುಮಂದಿಗೆ ಇದೇ ಹಾದಿ. ಮುರುಕು ಮೋಟಾರಿನ ಮೇಲೆ ಹಾಸಿಗೆ, ಪಾತ್ರೆ, ಮಕ್ಕಳನ್ನು ಹೇರಿಕೊಂಡು ರಸ್ತೆಯ ಬದಿಗೆ ಡೇರೆ ಹೂಡುತ್ತ ಸಾಗಿದವರು ಅವರು. ಲೇಖಕ ಜಾನ್ ಸ್ಟೈನ್‌ಬೆಕ್ 1939ರ ತನ್ನ ಕಾದಂಬರಿಯಲ್ಲಿ ಇದನ್ನು 'ತಾಯಿ ರಸ್ತೆ' ಎಂದು ಕರೆದನು. ಮುಂದೆ ವಿಶಾಲವಾದ ಅಂತರರಾಜ್ಯ ಹೆದ್ದಾರಿಗಳು ಬಂದು, 1985ರಲ್ಲಿ ರೂಟ್ 66 ರಾಷ್ಟ್ರೀಯ ಹೆದ್ದಾರಿಗಳ ಪಟ್ಟಿಯಿಂದ ಅಳಿಸಿಹೋಯಿತು.

ನಾವು ಕಂಡದ್ದು ಅರಿಜೋನಾದ ಭಾಗವನ್ನು ಮಾತ್ರ. ಮೊದಲು ಹೋದದ್ದು ಪೆಟ್ರಿಫೈಡ್ ಫಾರೆಸ್ಟ್ ಎಂಬ ರಾಷ್ಟ್ರೀಯ ಉದ್ಯಾನಕ್ಕೆ. 20 ಕೋಟಿ ವರ್ಷಗಳಿಗೂ ಹಿಂದಿನ ಮರದ ದಿಮ್ಮಿಗಳು ಅಲ್ಲಿ ಕಲ್ಲಾಗಿ ಬಿದ್ದಿವೆ. ಮಣ್ಣಿನಡಿ ಹೂತ ಮರದೊಳಗೆ ನೀರಿನಲ್ಲಿ ಕರಗಿದ ಖನಿಜವು ಇಳಿದು, ಕಾಲಾಂತರದಲ್ಲಿ ಮರದ ಜಾಗವನ್ನೆಲ್ಲ ಬೆಣಚುಕಲ್ಲು ತುಂಬಿಕೊಂಡಿದೆ. ತೊಗಟೆಯ ಗೆರೆ ಮಾತ್ರ ಹಾಗೆಯೇ ಉಳಿದಿದೆ. ಒಂದು ಚೂರನ್ನೂ ಒಯ್ಯಲು ಅಪ್ಪಣೆಯಿಲ್ಲ. ಮೊಮ್ಮಗಳು ಮುಷ್ಟಿಯಲ್ಲಿದ್ದ ಕೆಂಪು ಚೂರನ್ನು ಮನಸ್ಸಿಲ್ಲದ ಮನಸ್ಸಿನಿಂದ ಕೆಳಗಿಟ್ಟು, "ಅಜ್ಜಾ, ಹಾಗಾದರೆ ಇದರ ಫೋಟೋನಾದರೂ ತೆಗಿ" ಎಂದಳು.

ಆ ಉದ್ಯಾನದ ಒಂದೆಡೆ ಹಳೆಯ ರಸ್ತೆ ಹಾದಿದ್ದ ಜಾಗವಿದೆ. ಡಾಂಬರಿಲ್ಲ, ಹುಲ್ಲು ಬೆಳೆದಿದೆ. ಸಾಲಾಗಿ ನಿಂತ ಹಳೆಯ ಟೆಲಿಫೋನ್ ಕಂಬಗಳಷ್ಟೇ ದಾರಿಯನ್ನು ತೋರುತ್ತವೆ. ಗುರುತಿಗಾಗಿ 1932ರ ಒಂದು ಸ್ಟುಡಿಬೇಕರ್ ಮೋಟಾರನ್ನು ಇರಿಸಿದ್ದಾರೆ. ಗಾಜಿಲ್ಲ, ಗಾಲಿಯಿಲ್ಲ, ಬರಿಯ ತುಕ್ಕು ಹಿಡಿದ ಹಂದರ. ನಡುಮಧ್ಯಾಹ್ನದಲ್ಲಿ ನಾವು ಉತ್ಸಾಹದಿಂದ ತೆಗೆದ ಚಿತ್ರಗಳೆಲ್ಲ ಬಿಳಿಚಿಕೊಂಡವು. ಮಗ ನಕ್ಕು, "ಅಪ್ಪಾ, ನೆತ್ತಿಯ ಮೇಲಿನ ಬಿಸಿಲಿಗೆ ನೆರಳಿಲ್ಲ, ನೆರಳಿಲ್ಲದಿದ್ದರೆ ಆಕಾರ ಕಾಣದು. ಸಂಜೆಯವರೆಗೆ ತಾಳಿರಿ" ಎಂದನು. ಸಂಜೆಯ ಓರೆ ಬೆಳಕು ಬಿದ್ದೊಡನೆ ಅದೇ ತುಕ್ಕು ಕೆಂಡದಂತೆ ಬೆಳಗಿತು. ಅರವತ್ತೈದು ದಾಟಿದ ನಾವು ಮಗನಿಂದ ಕಲಿತ ಪಾಠವಿದು.

ಎರಡು ರಾತ್ರಿ ವಿನ್ಸ್‌ಲೋ ಪಟ್ಟಣದ ಹತ್ತಿರದ ಹೋಮೊಲೋವಿ ಉದ್ಯಾನದಲ್ಲಿ ತಂಗಿದೆವು. ಹೋಪಿ ಜನಾಂಗದ ಪೂರ್ವಜರು ಬಾಳಿದ ನೆಲವದು. ಮೊದಲ ರಾತ್ರಿಯ ಗಾಳಿಗೆ ಡೇರೆಯ ಗೂಟ ಕಿತ್ತು, ಬಟ್ಟೆ ಮುಖದ ಮೇಲೆ ಬಡಿಯಿತು. ಹಗಲೆಲ್ಲ ಬೆವರಿದ ಮರುಭೂಮಿಯಲ್ಲಿ ರಾತ್ರಿ ಹಲ್ಲು ಕಟಕಟಿಸುವ ಚಳಿ. ಆದರೆ ಆಕಾಶದ ತುಂಬ ನಕ್ಷತ್ರ! ಮಗ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು, ಇಪ್ಪತ್ತು ಸೆಕೆಂಡು ಅದರ ಕಣ್ಣು ತೆರೆದಿಟ್ಟನು. ನಮಗೆ ಮಸುಕಾಗಿ ಕಂಡ ಆಕಾಶಗಂಗೆ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡಿತು.

ಮೂರನೆಯ ದಿನ ಸೆಲಿಗ್‌ಮನ್ ಎಂಬ ಚಿಕ್ಕ ಊರು. ಇಲ್ಲಿಂದ ಕ್ಯಾಲಿಫೋರ್ನಿಯಾದ ಗಡಿಯ ಕಡೆಗೆ 150 ಮೈಲಿಗೂ ಹೆಚ್ಚು ಉದ್ದ ಹಳೆಯ ರಸ್ತೆ ಇನ್ನೂ ಜೀವಂತವಾಗಿದೆ. 1978ರ ಸೆಪ್ಟೆಂಬರ್ 22ರಂದು ಹೊಸ ಹೆದ್ದಾರಿ ತೆರೆದಾಗ ಈ ಊರಿನ ವಾಹನ ಸಂಚಾರ ಒಂದೇ ದಿನಕ್ಕೆ ನಿಂತುಹೋಯಿತು. ಅಂಗಡಿಗಳು ಮುಚ್ಚಿದವು, ಜನ ಊರು ಬಿಟ್ಟರು. ಬಿಡದೆ ಉಳಿದವರಲ್ಲಿ ಏಂಜೆಲ್ ಡೆಲ್ಗಡಿಯೊ ಎಂಬ ಕ್ಷೌರಿಕರೊಬ್ಬರು. ಅವರು 1987ರಲ್ಲಿ ಸುತ್ತಲಿನವರನ್ನು ಕೂಡಿಸಿ ಸಂಘ ಕಟ್ಟಿದರು. ಅದೇ ವರ್ಷ ರಾಜ್ಯ ಸರಕಾರವು ಆ ರಸ್ತೆಗೆ 'ಐತಿಹಾಸಿಕ' ಎಂಬ ಮನ್ನಣೆ ಕೊಡುವಂತಾಯಿತು. ಈಗ ದೇಶವಿದೇಶಗಳ ಪ್ರವಾಸಿಗರು ಅಲ್ಲಿ ನಿಂತು, ಉಂಡು, ಚಿತ್ರ ತೆಗೆದು ಮುಂದೆ ಹೋಗುತ್ತಾರೆ.

ಆ ಕ್ಷೌರದಂಗಡಿಯ ಮುಂದೆ ನಾವು ಬಹಳ ಹೊತ್ತು ನಿಂತೆವು. ನಮ್ಮ ಊರಿನ ಮುಚ್ಚಿದ ಖಾನಾವಳಿಯ ಬಾಗಿಲು ಕಣ್ಣ ಮುಂದೆ ಬಂದಿತು.

ಅಂದಿನ ಬಿಡಾರ ಕಿಂಗ್‌ಮನ್ ಪಟ್ಟಣದ ಮೇಲಿನ ವಾಲಪಾಯ್ ಬೆಟ್ಟದ ಪೈನ್ ಮರಗಳ ನಡುವೆ. ಮೊಮ್ಮಗಳು ಮಲಗಿದ ಮೇಲೆ, ಒಲೆಯ ಮೇಲೆ ಹಾಲು ಕಾಯುತ್ತಿರಲು, ಕಡೆಗೂ ಮಾತು ಹೊರಬಿದ್ದಿತು. "ಮನೆಯನ್ನು ಕೇಳುವವರು ಬಂದಿದ್ದಾರೆ. ನೀನು ಏನನ್ನುತ್ತೀ?"

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದನು. ಅನಂತರ, "ಅವ್ವಾ, ಅಪ್ಪಾ, ತಿರುಗಿ ಬಂದು ಅಲ್ಲಿ ಬಾಳುತ್ತೇನೆಂದು ನಾನು ಮಾತು ಕೊಡಲಾರೆ. ಸುಳ್ಳು ಹೇಳಿ ನಿಮ್ಮಿಂದ ಮನೆ ಕಾಯಿಸಲಾರೆ. ನನಗಾಗಿ ಅದನ್ನು ಉಳಿಸಬೇಡಿರಿ" ಎಂದನು. ಸೊಸೆ ತಲೆ ತಗ್ಗಿಸಿ ಕುಳಿತಿದ್ದಳು. ಹಾಲು ಉಕ್ಕಿ ಒಲೆ ಆರಿತು, ಯಾರೂ ಏಳಲಿಲ್ಲ.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಬಹು ದಿನಗಳಿಂದ ಊಹಿಸಿದ ಉತ್ತರವೇ ಆದರೂ ಕಿವಿಯಾರೆ ಕೇಳಿದಾಗ ಆದ ನೋವೇ ಬೇರೆ. ಆದರೂ ಅವನು ಸತ್ಯವನ್ನೇ ಹೇಳಿದ್ದನು.

ಮರುದಿನ ಕಡಿದಾದ ಬೆಟ್ಟದ ದಾರಿಯಲ್ಲಿ ಓಟ್‌ಮನ್ ಎಂಬ ಹಳೆಯ ಚಿನ್ನದ ಗಣಿಯ ಊರಿಗೆ ಹೋದೆವು. ಗಣಿಗಾರರು ಬಿಟ್ಟುಹೋದ ಕತ್ತೆಗಳ ಸಂತತಿ ಇಂದಿಗೂ ಅಲ್ಲಿನ ಬೀದಿಯಲ್ಲಿ ನಿರ್ಭಯವಾಗಿ ತಿರುಗುತ್ತಿದೆ. ಮೊಮ್ಮಗಳ ನಗೆ ನಮ್ಮನ್ನೂ ನಗಿಸಿತು. ಹಿಂದಿರುಗುವಾಗ ನಮಗೊಂದು ವಿಚಾರ ಹೊಳೆಯಿತು. ಸೆಲಿಗ್‌ಮನ್ನಿನ ಜನ ಹೊಸ ಹೆದ್ದಾರಿಯನ್ನು ಮರಳಿ ಕರೆತರಲಿಲ್ಲ, ಹೋದವರನ್ನೂ ಹಿಂದಕ್ಕೆ ಕರೆಯಲಿಲ್ಲ. ಉಳಿದವರು ಉಳಿದುದನ್ನು ಬಳಕೆಗೆ ತಂದುಕೊಂಡರು. ನಾವಾದರೋ ಮನೆಯನ್ನು ಮಗನ ಬರವಿಗಾಗಿ ಬೀಗ ಹಾಕಿ ಕಾದಿದ್ದೆವು. ಅಲ್ಲಿಯೇ ಇರುವವರ ನೆನಪು ನಮಗಾಗಿರಲಿಲ್ಲ.

ಊರಿಗೆ ಮರಳಿ ಹಿತ್ತಲನ್ನೂ ಹಿಂದಿನ ಭಾಗವನ್ನೂ ಮಾರಿದೆವು. ಮುಂದಿನ ಪಡಸಾಲೆಯನ್ನು ಉಳಿಸಿಕೊಂಡು, ರೊಟ್ಟಿ ಬಡಿದು ಮಾರುವ ಓಣಿಯ ನಾಲ್ವರು ಹೆಣ್ಣುಮಕ್ಕಳಿಗೆ ಅಲ್ಪ ಬಾಡಿಗೆಗೆ ಕೊಟ್ಟೆವು. ಲಾರಿಗಳು ಈಗಲೂ ಬರುವುದಿಲ್ಲ. ರೊಟ್ಟಿ ಮಾತ್ರ ದಿನವೂ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುತ್ತದೆ.

ಮಕ್ಕಳ ಬಳಿಗೆ ಹೋಗುವ ಹಿರಿಯರಲ್ಲಿ ನಮ್ಮದೊಂದು ವಿನಂತಿ: ಸಾಧ್ಯವಾದರೆ ಅವರೊಡನೆ ಎರಡು ರಾತ್ರಿಯಾದರೂ ಡೇರೆಯಲ್ಲಿ ಕಳೆಯಿರಿ. ಉಣ್ಣೆಯ ಟೊಪ್ಪಿಗೆ, ದಪ್ಪ ಕಂಬಳಿ, ನಿತ್ಯದ ಔಷಧಿ ಮರೆಯದಿರಿ. ಮನೆಯಲ್ಲಿ ಆಡಲಾಗದ ಮಾತು ಬಯಲಿನಲ್ಲಿ ತಾನಾಗಿ ಬರುತ್ತದೆ.

ಮಗ ಕಳಿಸಿದ ಚಿತ್ರವೊಂದು ಆ ಪಡಸಾಲೆಯ ಗೋಡೆಯ ಮೇಲಿದೆ. ಸಂಜೆಯ ಬೆಳಕಿನಲ್ಲಿ ತುಕ್ಕು ಹಿಡಿದ ಮೋಟಾರು, ಅದರ ಪಕ್ಕದಲ್ಲಿ ನಾವಿಬ್ಬರು. "ಯಾವ ಊರಿನ ಗುಜರಿ ಇದು?" ಎಂದು ರೊಟ್ಟಿ ಬಡಿಯುವವರು ಕೇಳಿದಾಗಲೆಲ್ಲ ಈ ಕಥೆಯನ್ನು ಮೊದಲಿನಿಂದ ಹೇಳುತ್ತೇವೆ.