ಕಾಗದದಲ್ಲಿಲ್ಲದ ಗಾಯ

ಯುದ್ಧ ಮುಗಿದ ಮೇಲೆ ಸೈನಿಕನು ಮನೆಗೆ ತರುವ ವಸ್ತುಗಳಲ್ಲಿ ಬಹಳ ಹಗುರವಾದುದು ಒಂದು ಕಾಗದ. ಸೇನೆಯಿಂದ ಬಿಡುಗಡೆಯಾಗುವ ದಿನ ಗುಮಾಸ್ತನೊಬ್ಬನು ಅದನ್ನು ಬೆರಳಚ್ಚು ಮಾಡಿ ಅವನ ಕೈಗೆ ಕೊಡುತ್ತಾನೆ. ಅವನು ಯಾವಾಗ ಸೇನೆ ಸೇರಿದ, ಎಲ್ಲಿ ಹೋರಾಡಿದ, ಗಾಯಗೊಂಡನೆ, ಯಾವ ಪದಕಗಳಿಗೆ ಅರ್ಹನಾದ ಎಂಬುದೆಲ್ಲ ಅದರ ಸಣ್ಣ ಸಣ್ಣ ಚೌಕಗಳಲ್ಲಿ ಅಡಗಿರುತ್ತದೆ. ಪದಕವು ಎದೆಯ ಮೇಲೆ ಹೊಳೆಯುತ್ತದೆ. ಕಾಗದವು ಪೆಟ್ಟಿಗೆಯ ತಳ ಸೇರುತ್ತದೆ. ಆದರೂ ಎರಡರಲ್ಲಿ ಬಲವಾದುದು ಕಾಗದವೇ. ಪದಕ ಕಳೆದುಹೋದರೆ ಕಾಗದವನ್ನು ತೋರಿಸಿ ಇನ್ನೊಂದನ್ನು ಪಡೆಯಬಹುದು. ಕಾಗದದಲ್ಲಿಲ್ಲದ ಪದಕವನ್ನು ಧರಿಸಿದವನನ್ನು ಲೋಕವು ಮೋಸಗಾರನೆಂದು ತಿಳಿಯುತ್ತದೆ. ಗುಮಾಸ್ತನು ಒಂದು ಸಾಲನ್ನು ಬಿಟ್ಟನೆಂದರೆ, ಗಾಯವು ಮೈಮೇಲೆ ಉಳಿದು ಲೆಕ್ಕದಲ್ಲಿ ಮಾಯವಾಗುತ್ತದೆ. ಶಾಲೆಗೆ ಸೇರಿಸಿದ ದಿನ ಮೇಷ್ಟರು ಅಂದಾಜಿನಿಂದ ಬರೆದ ಹುಟ್ಟಿದ ತಾರೀಕು ಮನುಷ್ಯನನ್ನು ನಿವೃತ್ತಿಯವರೆಗೂ ಹಿಂಬಾಲಿಸುವುದನ್ನು ಕಂಡ ನಮ್ಮ ಜನರಿಗೆ ಇದೇನೂ ಸೋಜಿಗವಾಗಿ ತೋರದು.

ಹೆನ್ರಿ ಜಾನ್ಸನ್ ಎಂಬ ಅಮೆರಿಕದ ಸೈನಿಕನ ಕಥೆ ಇದಕ್ಕೆ ದೊಡ್ಡ ನಿದರ್ಶನ. ಆತನು ಕಪ್ಪು ವರ್ಣದವನು. ನ್ಯೂಯಾರ್ಕ್ ಸಂಸ್ಥಾನದ ಆಲ್ಬನಿ ನಗರದ ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಹೊರುತ್ತಿದ್ದವನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಆತನು ಸೇನೆ ಸೇರಿದ. ಕಪ್ಪು ಸೈನಿಕರನ್ನು ಬಿಳಿಯರೊಡನೆ ಒಂದೇ ದಳದಲ್ಲಿ ಇರಿಸಲು ಅಂದಿನ ಅಮೆರಿಕದ ಸೇನೆ ಒಪ್ಪುತ್ತಿರಲಿಲ್ಲ. ಆತನ 369ನೆಯ ಪದಾತಿ ರೆಜಿಮೆಂಟನ್ನು ಫ್ರೆಂಚರ ಅಧೀನಕ್ಕೆ ಒಪ್ಪಿಸಲಾಯಿತು. 1918ರ ಮೇ 15ರಂದು ಕತ್ತಲೆಯಲ್ಲಿ ಆತನೂ ನೀಡಮ್ ರಾಬರ್ಟ್ಸ್ ಎಂಬ ಜೊತೆಗಾರನೂ ಕಾವಲಿದ್ದಾಗ ಕನಿಷ್ಠ ಹನ್ನೆರಡು ಮಂದಿ ಜರ್ಮನ್ ಸೈನಿಕರು ಅವರ ಮೇಲೆ ಎರಗಿದರು. ರಾಬರ್ಟ್ಸ್ ತೀವ್ರವಾಗಿ ಗಾಯಗೊಂಡ. ಅವನನ್ನು ಶತ್ರುಗಳು ಎಳೆದೊಯ್ಯುತ್ತಿದ್ದಾಗ ಜಾನ್ಸನ್ ಕತ್ತಿ ಹಿಡಿದು ನುಗ್ಗಿ ಬಿಡಿಸಿಕೊಂಡ. ಆತನ ಮೈಮೇಲೆ 21 ಗಾಯಗಳಾಗಿದ್ದವು. ಫ್ರಾನ್ಸ್ ದೇಶವು ಆತನಿಗೆ ತನ್ನ ಕ್ರ್ವಾ ದ ಗೆರ್ ಎಂಬ ಶೌರ್ಯಪದಕವನ್ನು ಕೊಟ್ಟು ಗೌರವಿಸಿತು. ಅಮೆರಿಕ ಮಾತ್ರ ಆತನ ಜೀವಮಾನದಲ್ಲಿ ಶೌರ್ಯಕ್ಕಾಗಿ ಒಂದು ಪದಕವನ್ನೂ ಕೊಡಲಿಲ್ಲ. ಆತನ ಬಿಡುಗಡೆ ಪತ್ರದಲ್ಲಿ ಗಾಯಗಳ ಪ್ರಸ್ತಾಪವೇ ಇರಲಿಲ್ಲವೆಂದು ಹೇಳುತ್ತಾರೆ. 1929ರಲ್ಲಿ ಆತನು ತೀರಿಕೊಂಡ. ಪರ್ಪಲ್ ಹಾರ್ಟ್ ಪದಕ ಬಂದುದು 1996ರಲ್ಲಿ. ಯುದ್ಧಕಾಲದಲ್ಲಿ ಜನರಲ್ ಪರ್ಷಿಂಗ್ ಕಳುಹಿಸಿದ್ದ ವರದಿಯೊಂದು ಹಳೆಯ ಕಡತಗಳಲ್ಲಿ ದೊರೆತ ಮೇಲೆ, 2015ರ ಜೂನ್ 2ರಂದು ಅಧ್ಯಕ್ಷ ಒಬಾಮಾ ಅವರು ಆತನಿಗೆ ಆ ದೇಶದ ಅತ್ಯುನ್ನತವಾದ ಮೆಡಲ್ ಆಫ್ ಆನರ್ ಪದಕವನ್ನು ನೀಡಿದರು. ನಡುವೆ 97 ವರ್ಷಗಳು ಕಳೆದಿದ್ದವು. ಪದಕವನ್ನು ಸ್ವೀಕರಿಸಲು ಬಂಧುಗಳಾರೂ ನಿಲ್ಲಲಿಲ್ಲ. ನ್ಯೂಯಾರ್ಕ್ ನ್ಯಾಷನಲ್ ಗಾರ್ಡಿನ ಹಿರಿಯ ಸಾರ್ಜೆಂಟರೊಬ್ಬರು ಆತನ ಪರವಾಗಿ ಕೈನೀಡಿದರು.

ಜಾನ್ಸನ್ ಪ್ರಸಿದ್ಧನಾದವನು. ಯಾರೂ ಹೆಸರು ಕೇಳದ ಸಾಮಾನ್ಯ ಸೈನಿಕನ ಗತಿಯೇನು ಎಂಬುದು ನನಗೆ ತಿಳಿದುದು ಸೇಂಟ್ ಲೂಯಿ ನಗರದಲ್ಲಿ. ಮಿಸಿಸಿಪ್ಪಿ ನದಿಯ ದಂಡೆಯ ಆ ನಗರದ ಹೊರವಲಯದಲ್ಲಿ ಅಮೆರಿಕದ ನಿವೃತ್ತ ಸೈನಿಕರ ಸೇವಾ ಕಡತಗಳನ್ನು ಕಾಪಾಡುವ ಬೃಹತ್ ಕೇಂದ್ರವಿದೆ. 1973ರ ಜುಲೈ 12ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಆ ಕಟ್ಟಡದ ಆರನೆಯ ಅಂತಸ್ತಿಗೆ ಬೆಂಕಿ ಬಿತ್ತು. ಕಡತಗಳಿದ್ದ ಆ ವಿಶಾಲವಾದ ಅಂತಸ್ತಿನಲ್ಲಿ ಬೆಂಕಿ ಹರಡದಂತೆ ತಡೆಯುವ ಗೋಡೆಗಳಾಗಲಿ, ತಾನಾಗಿ ನೀರು ಸಿಂಪಡಿಸುವ ಕೊಳವೆಗಳಾಗಲಿ ಇರಲಿಲ್ಲ. ಬೆಂಕಿ ಪೂರ್ತಿಯಾಗಿ ಆರಲು ನಾಲ್ಕು ದಿನಗಳಿಗೂ ಹೆಚ್ಚು ಕಾಲ ಹಿಡಿಯಿತು. 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷ ಕಡತಗಳು ನಾಶವಾದವು. 1912ರ ನವೆಂಬರಿನಿಂದ 1960ರ ಆರಂಭದವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ನೂರಕ್ಕೆ 80ರಷ್ಟು ಬೂದಿಯಾದುವೆಂದು ಲೆಕ್ಕ. ಎರಡು ಮಹಾಯುದ್ಧಗಳಲ್ಲಿಯೂ ಕೊರಿಯದಲ್ಲಿಯೂ ಹೋರಾಡಿದವರಲ್ಲಿ ಬಹುಮಂದಿ ಆ ಅವಧಿಗೆ ಸೇರಿದವರು. ಕಡತಗಳಿಗೆ ನಕಲು ಪ್ರತಿಗಳಿರಲಿಲ್ಲ.

ಉಳಿದ ಕಾಗದಗಳನ್ನು ಬದುಕಿಸಿದ ರೀತಿ ಮಾತ್ರ ಕೊಂಡಾಡತಕ್ಕದ್ದು. ಬೆಂಕಿಯಿಂದ ತಪ್ಪಿಸಿಕೊಂಡುವು ನೀರಿನಲ್ಲಿ ನೆಂದಿದ್ದವು. ಬೇಸಗೆಯ ಸೆಕೆಗೆ ಬೂಷ್ಟು ಹಿಡಿಯತೊಡಗಿತ್ತು. ಅವುಗಳನ್ನು ಹಾಲು ಸಾಗಿಸುವ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ತುಂಬಿ, ಬಾಹ್ಯಾಕಾಶ ನೌಕೆಗಳ ಪರೀಕ್ಷೆಗಾಗಿ ಕಟ್ಟಿದ್ದ ನಿರ್ವಾತ ಕೋಣೆಯಲ್ಲಿರಿಸಿ ಒಣಗಿಸಿದರು. ಹೀಗೆ ಸುಮಾರು 65 ಲಕ್ಷ ಕಡತಗಳು ಅಂಚು ಸುಟ್ಟ ರೂಪದಲ್ಲಿಯಾದರೂ ಉಳಿದವು.

ಆ ನಗರದಲ್ಲಿ ನಾನು ಕೆಲವು ವರ್ಷ ವಾಸವಾಗಿದ್ದೆ. ಪಕ್ಕದ ಮನೆಯಲ್ಲಿ ಎಪ್ಪತ್ತೈದು ದಾಟಿದ ಹಿರಿಯರೊಬ್ಬರು ಒಂಟಿಯಾಗಿದ್ದರು. ನಾನು ಭಾರತದವನೆಂದು ತಿಳಿದ ದಿನವೇ ಬೇಲಿಯ ಬಳಿ ನನ್ನನ್ನು ನಿಲ್ಲಿಸಿಕೊಂಡು, “ನಿಮ್ಮ ದೇಶದವರನ್ನು ನಾನು ಇಟಲಿಯಲ್ಲಿ ಕಂಡಿದ್ದೇನೆ. ಹೇಸರಗತ್ತೆಗಳನ್ನು ಹಿಡಿದು ಬೆಟ್ಟ ಹತ್ತುತ್ತಿದ್ದರು” ಎಂದರು. 1944ರ ಶರತ್ಕಾಲದಲ್ಲಿ ಫ್ಲಾರೆನ್ಸಿನ ಉತ್ತರಕ್ಕಿರುವ ಅಪೆನೈನ್ ಪರ್ವತಗಳಲ್ಲಿ ಅಮೆರಿಕದ 5ನೆಯ ಸೇನೆಯೊಡನೆ ಭಾರತದ 8ನೆಯ ಡಿವಿಷನ್ನೂ ಹೋರಾಡುತ್ತಿತ್ತು. ಅಲ್ಲಿಯೇ, ಅಕ್ಟೋಬರ್ ತಿಂಗಳಲ್ಲಿ, ಫಿರಂಗಿ ಗುಂಡಿನ ಚೂರೊಂದು ಅವರ ಎಡಭುಜವನ್ನು ಹೊಕ್ಕಿತ್ತು. ಆ ಕೈಯನ್ನು ಅವರು ಭುಜಕ್ಕಿಂತ ಮೇಲೆತ್ತಲಾರರು. ತೋಟದ ಸೇಬನ್ನು ಬಿಡಿಸಲು ನಮ್ಮ ಮನೆಯ ಹುಡುಗನನ್ನು ಕರೆಯುತ್ತಿದ್ದರು.

ಅವರ ಬಿಡುಗಡೆ ಪತ್ರವನ್ನು ನಾನು ನೋಡಿದ್ದೇನೆ. ಕದನದಲ್ಲಿ ಆದ ಗಾಯಗಳು ಎಂಬ ಚೌಕದಲ್ಲಿ ‘ಇಲ್ಲ’ ಎಂದು ಅಚ್ಚಾಗಿತ್ತು. ಆಸ್ಪತ್ರೆಯಿಂದ ಹೊರಬಂದ ಅವರನ್ನು ಬೇರೊಂದು ಕಂಪನಿಗೆ ಕಳುಹಿಸಿದ್ದರು. ಹಳೆಯ ಕಂಪನಿಯ ಕಾಗದಗಳು ಅವರ ಹಿಂದೆ ಬರಲಿಲ್ಲ. 1945ರಲ್ಲಿ ಲಕ್ಷಾಂತರ ಮಂದಿ ಒಮ್ಮೆಗೇ ಮನೆಗೆ ಹೊರಟಾಗ, ಗುಮಾಸ್ತನು ತನ್ನ ಮುಂದಿದ್ದುದನ್ನು ನೋಡಿ ಬೆರಳಚ್ಚು ಮಾಡಿದ. ತಪ್ಪು ಅವರಿಗೆ ಆಗಲೇ ಕಂಡಿತ್ತು. ತಿದ್ದಿಸಬೇಕಾದರೆ ಇನ್ನೂ ಒಂದು ವಾರ ನಿಲ್ಲಬೇಕೆಂದರಂತೆ. ಊರಿನ ರೈಲು ಅಂದು ಸಂಜೆಗೇ ಇತ್ತು. ಇಪ್ಪತ್ಮೂರು ವರ್ಷದ ಯಾವ ಯುವಕನು ನಿಂತಾನು?

ಅರ್ಧ ಶತಮಾನ ಸುಮ್ಮನಿದ್ದವರು ಈಗೇಕೆ ಹೊರಟಿರಿ ಎಂದು ನಾನು ಕೇಳಿದೆ. ಅವರೆಂದರು: “ನನ್ನ ಹೆಂಡತಿ ಈ ಗಾಯಕ್ಕೆ ಸಾಕ್ಷಿಯಾಗಿದ್ದಳು. ಈಗ ಇದನ್ನು ಬಲ್ಲವನು ನಾನೊಬ್ಬನೇ. ನಾಳೆ ನನ್ನ ಪರವಾಗಿ ಮಾತಾಡುವುದು ಈ ಕಾಗದ ಮಾತ್ರ. ಅದು ಸುಳ್ಳು ಹೇಳಬಾರದು.” ಇದು ಬರಿಯ ಭಾವನೆಯ ಮಾತಲ್ಲ. ಆ ದೇಶದಲ್ಲಿ ಮಾಜಿ ಸೈನಿಕನ ಸಮಾಧಿಗೆ ಸರ್ಕಾರವೇ ಶಿಲೆಯನ್ನು ಕೊಡುತ್ತದೆ. ಅದರ ಮೇಲೆ ಪದಕದ ಹೆಸರು ಕೆತ್ತಬೇಕಾದರೆ ದಾಖಲೆಯ ಆಧಾರ ಬೇಕು.

ಪರ್ಪಲ್ ಹಾರ್ಟ್ ಎಂಬುದು ಮೇಲಧಿಕಾರಿಯ ಮೆಚ್ಚುಗೆಯಿಂದ ಬರುವ ಪದಕವಲ್ಲ. ಶತ್ರುವಿನಿಂದ ಗಾಯಗೊಂಡವನಿಗೆ ಅದು ಹಕ್ಕು. ಆದರೆ ಮೂರು ಸಂಗತಿಗಳು ಸಿದ್ಧವಾಗಬೇಕು. ಗಾಯವು ಶತ್ರುವಿನ ಕೃತ್ಯದಿಂದ ಆಗಿರಬೇಕು. ಅದಕ್ಕೆ ವೈದ್ಯರ ಚಿಕಿತ್ಸೆ ಬೇಕಾಗಿರಬೇಕು. ಆ ಚಿಕಿತ್ಸೆ ದಾಖಲೆಯಾಗಿರಬೇಕು. ಮೊದಲ ಎರಡಕ್ಕೆ ಅವರ ಭುಜವೇ ಸಾಕ್ಷಿ ಎನ್ನೋಣ. ಮೂರನೆಯದಕ್ಕೆ ಭುಜವು ಏನು ಹೇಳೀತು? ಕಡತದ ಪ್ರತಿಗಾಗಿ ಬರೆದರೆ, ಅದು 1973ರ ಬೆಂಕಿಯಲ್ಲಿ ಹೋಗಿರಬೇಕೆಂಬ ಉತ್ತರ ಬಂತು. ಕೊನೆಯ ಸಂಬಳದ ಚೀಟಿ ಬೇರೆ ಕಡೆ ಇದ್ದುದರಿಂದ ಉಳಿದಿತ್ತು. ಅದರಲ್ಲಿ ಹೆಸರು, ಸಂಖ್ಯೆ, ಸೇವೆಯ ತಾರೀಕುಗಳು ಇದ್ದವೇ ಹೊರತು ಗಾಯದ ಮಾತಿರಲಿಲ್ಲ. ಜೊತೆಗಿದ್ದ ಸೈನಿಕರಿಂದ ಪ್ರಮಾಣ ಹೇಳಿಕೆ ತರಬಹುದಾಗಿತ್ತು. ಅವರು ಮೂವರಿಗೆ ಬರೆದರು. ಇಬ್ಬರ ಮನೆಯಿಂದ ಅವರು ತೀರಿಕೊಂಡರೆಂದು ಮಕ್ಕಳು ತಿಳಿಸಿದರು. ಮೂರನೆಯವರ ಮಗಳು, “ತಂದೆಗೆ ನನ್ನ ಹೆಸರೂ ನೆನಪಿಲ್ಲ” ಎಂದು ಬರೆದಿದ್ದಳು. ಆ ಕಾಗದವನ್ನು ಓದಿ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಕೊನೆಗೆ ದಾರಿ ತೋರಿದುದು ಒಂದು ಸಂಖ್ಯೆ. 1942ರಿಂದ 1945ರವರೆಗೆ ಸೇನಾ ಆಸ್ಪತ್ರೆಗಳಿಗೆ ಸೇರಿದವರ ವಿವರಗಳನ್ನು ಅಂಕೆಸಂಖ್ಯೆಗಳ ಅಧ್ಯಯನಕ್ಕಾಗಿ ಸಂಕೇತಗಳಲ್ಲಿ ಬರೆದಿಟ್ಟಿದ್ದರು. ಈ ಸಂಗ್ರಹದ ಇರವು ದಾಖಲೆಗಳ ಅಧಿಕಾರಿಗಳಿಗೆ ತಿಳಿದುಬಂದುದೇ 1988ರಲ್ಲಿ. ಅದರಲ್ಲಿ ಯಾರ ಹೆಸರೂ ಇಲ್ಲ. ಸೈನಿಕನ ಕ್ರಮಸಂಖ್ಯೆ ಮಾತ್ರ ಇದೆ. ನಮ್ಮ ಹಿರಿಯರಿಗೆ ಮನೆಯ ಬೀಗದ ಕೈಯನ್ನು ಎಲ್ಲಿ ಇಟ್ಟೆನೆಂಬುದು ದಿನವೂ ಮರೆಯುತ್ತಿತ್ತು. ಕ್ರಮಸಂಖ್ಯೆಯನ್ನು ಕೇಳಿದರೆ ನೆಟ್ಟಗೆ ನಿಂತು ಎಂಟು ಅಂಕಿಗಳನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದರು. ಆ ಸಂಖ್ಯೆಗೆ ಉತ್ತರವಾಗಿ ಒಂದು ಸಾಲು ಸಂಕೇತಗಳು ಬಂದವು. ಬಿಡಿಸಿ ಓದಿದರೆ ಅದರಲ್ಲಿ ಇದ್ದುದು ಇಷ್ಟೆ: 1944ರ ಅಕ್ಟೋಬರ್, ಕದನದಲ್ಲಿ ಗಾಯ, ಫಿರಂಗಿ ಗುಂಡಿನ ಚೂರು, ಭುಜ.

ಇಂಥ ಅರ್ಜಿಗಳನ್ನು ವಿಚಾರಿಸುವುದಕ್ಕೆ ನಾಗರಿಕರ ಮಂಡಲಿಗಳನ್ನು ಏರ್ಪಡಿಸಲು ಅಮೆರಿಕದ ಕಾಂಗ್ರೆಸ್ 1946ರಲ್ಲಿ ಕಾನೂನು ಮಾಡಿತು. ಅದಕ್ಕೆ ಮೊದಲು ಒಬ್ಬ ಸೈನಿಕನ ದಾಖಲೆಯನ್ನು ತಿದ್ದಬೇಕಾದರೂ ಕಾಂಗ್ರೆಸ್ಸಿನಲ್ಲಿ ಪ್ರತ್ಯೇಕ ಮಸೂದೆ ಮಂಡಿಸಬೇಕಾಗುತ್ತಿತ್ತು. ತಪ್ಪು ತಿಳಿದ ಮೂರು ವರ್ಷಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮವಿದೆ. ನ್ಯಾಯದ ದೃಷ್ಟಿಯಿಂದ ಮಂಡಲಿಯು ಅದನ್ನು ಸಡಿಲಿಸಬಹುದು. ಐವತ್ತು ವರ್ಷ ತಡವಾದವರಿಗೆ ಆ ಒಂದು ವಾಕ್ಯವೇ ಬಾಗಿಲು. ಸಾಕ್ಷ್ಯವನ್ನು ಇಷ್ಟು ಬಿಗಿಯಾಗಿ ಕೇಳುವುದನ್ನು ನಾನು ಕ್ರೌರ್ಯವೆಂದು ಕರೆಯಲಾರೆ. ಗಳಿಸದ ಪದಕವನ್ನು ಧರಿಸಿ ಮೆರೆಯುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಹಾಗೆ ಸುಳ್ಳು ಹೇಳಿ ಹಣವನ್ನಾಗಲಿ ಸೌಲಭ್ಯವನ್ನಾಗಲಿ ಪಡೆಯುವುದನ್ನು ಅಮೆರಿಕವು 2013ರ ಕಾನೂನಿನಿಂದ ಅಪರಾಧವೆಂದು ಸಾರಿತು. ಆದರೆ ಕಾಗದವನ್ನು ಕಾಪಾಡಬೇಕಾದವರ ಕೈಯಲ್ಲಿಯೇ ಅದು ಸುಟ್ಟುಹೋದಾಗ, ಅದನ್ನು ಒದಗಿಸುವ ಭಾರವನ್ನು ಗಾಯಗೊಂಡವನ ಮೇಲೆ ಹೊರಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ನನ್ನಲ್ಲಿ ಇಂದಿಗೂ ಉಳಿದಿದೆ.

ಈ ನಡುವೆ ಒಂದು ವಿನೋದವೂ ನಡೆಯಿತು. ಅವರ ಪತ್ರದಲ್ಲಿ ಸರಿಯಾಗಿಯೇ ಇದ್ದ ಒಂದು ನಮೂದು, ಕದನದಲ್ಲಿ ಭಾಗವಹಿಸಿದ ಪದಾತಿಗೆ ಕೊಡುವ ಬಿಲ್ಲೆಯದು. ಎರಡನೆಯ ಮಹಾಯುದ್ಧದಲ್ಲಿ ಆ ಬಿಲ್ಲೆಯನ್ನು ಗಳಿಸಿದವರೆಲ್ಲ ಬ್ರಾಂಜ್ ಸ್ಟಾರ್ ಪದಕಕ್ಕೂ ಅರ್ಹರೆಂದು 1947ರಲ್ಲಿಯೇ ನಿರ್ಣಯವಾಗಿತ್ತು. ಕೇಳಿದವರಿಗೆ ಕೊಡುತ್ತಿದ್ದರು, ಆ ಹೊತ್ತಿಗೆ ಮನೆ ಸೇರಿದ್ದ ಅನೇಕರಿಗೆ ಕೇಳಬೇಕೆಂಬುದೇ ತಿಳಿದಿರಲಿಲ್ಲ. ಇದನ್ನು ಕೇಳಿ ನಮ್ಮ ಹಿರಿಯರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಬೇಡಿದ್ದು ಸಿಕ್ಕಲಿಲ್ಲ, ಬೇಡದಿದ್ದುದು ಐವತ್ತು ವರ್ಷದಿಂದ ಕಾದು ಕುಳಿತಿದೆ” ಎಂದರು.

ಮಂಡಲಿಯ ತೀರ್ಮಾನ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಜೊತೆಗೆ ಬಂದ ತಿದ್ದುಪಡಿ ಪತ್ರ ಅರ್ಧ ಪುಟವೂ ಇರಲಿಲ್ಲ. ಗಾಯಗಳ ಚೌಕದಲ್ಲಿದ್ದ ‘ಇಲ್ಲ’ ಎಂಬುದನ್ನು ತೆಗೆದು, ಇಟಲಿ, ಅಕ್ಟೋಬರ್ 1944 ಎಂದು ಸೇರಿಸಬೇಕೆಂದು ಅದರಲ್ಲಿತ್ತು. ಪದಕಗಳ ಪೆಟ್ಟಿಗೆಯನ್ನು ಅವರು ಒಮ್ಮೆ ತೆರೆದು ನೋಡಿ ಮೇಜಿನ ಖಾನೆಯಲ್ಲಿಟ್ಟರು. ಪತ್ರವನ್ನು ಮಾತ್ರ ಕನ್ನಡಕವನ್ನು ಒರೆಸಿಕೊಂಡು ಎರಡು ಸಲ ಓದಿ, ಹಳೆಯ ಬಿಡುಗಡೆ ಪತ್ರಕ್ಕೆ ತಾವೇ ಪಿನ್ನು ಚುಚ್ಚಿದರು. ಮುಂದಿನ ಭಾನುವಾರ ಅವರ ಮನೆಯ ಮುಂದೆ ಇನ್ನೊಂದು ಕಾರು ನಿಂತಿತ್ತು. ಕೋಲೂರಿಕೊಂಡು ಇಳಿದ ಮತ್ತೊಬ್ಬ ಮುದುಕರ ಕಂಕುಳಲ್ಲಿ ಕಾಗದಗಳ ಕಟ್ಟೊಂದಿತ್ತು. ನನ್ನನ್ನೂ ಒಳಗೆ ಕರೆದ ನಮ್ಮ ಹಿರಿಯರು ಅವರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಬಿಳಿಯ ಹಾಳೆಯೊಂದನ್ನು ಎಳೆದುಕೊಂಡು, “ಮೊದಲು ನಿಮ್ಮ ಕ್ರಮಸಂಖ್ಯೆ ಹೇಳಿ” ಎಂದರು.