ದೂರ ಗಡಿಯಾರಕ್ಕೆ, ಗಾಳಿ ಆಟಗಾರನಿಗೆ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಪುಟ್ಟ ಊರು ಸೇಂಟ್ ಆಂಡ್ರೂಸ್. ಅಲ್ಲಿಯ ‘ಓಲ್ಡ್ ಕೋರ್ಸ್’ ಗಾಲ್ಫ್ ಆಟದ ತವರುಮನೆ. ಗಾಲ್ಫ್ ಮೈದಾನಕ್ಕೆ 18 ಕುಳಿ ಎಂಬ ಲೆಕ್ಕದ ಮೂಲ 1764ರಲ್ಲಿ ಇಲ್ಲಾದ ಬದಲಾವಣೆ. ಭಾನುವಾರ ಸಾಮಾನ್ಯವಾಗಿ ಆಟಕ್ಕೆ ರಜೆ. ಅಂದು ಊರಿನವರೆಲ್ಲ ಈ ಹುಲ್ಲಿನ ಮೇಲೆ ಅಡ್ಡಾಡಬಹುದು.

ಈಗ ಆಟಗಾರರಿಗೆ ಜಿಪಿಎಸ್ ಕೈಗಡಿಯಾರದ ನೆರವಿದೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಹಿಡಿದು ಅದು ತಾನಿರುವ ಜಾಗ ಗುರುತಿಸುತ್ತದೆ. ನಕ್ಷೆಯೊಂದಿಗೆ ತಾಳೆ ನೋಡಿ, ಕುಳಿಯಿರುವ ‘ಗ್ರೀನ್’ ಎಷ್ಟು ದೂರವೆಂದು ಹೇಳುತ್ತದೆ. ಪ್ರತಿ ಹೊಡೆತ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಬರೆದಿಡುವ ಗಡಿಯಾರಗಳೂ ಇವೆ. ನಮ್ಮ ನೆನಪು ಒಂದು ಒಳ್ಳೆಯ ಹೊಡೆತವನ್ನೇ ಮೆಲುಕು ಹಾಕುತ್ತದೆ. ಗಡಿಯಾರ ತಪ್ಪಿದ ಹತ್ತನ್ನೂ ತೋರಿಸುತ್ತದೆ. ಅಂಕಪಟ್ಟಿಯಂತೆ!

ಆದರೆ ಎಲ್ಲವನ್ನೂ ಯಂತ್ರಕ್ಕೆ ಬಿಟ್ಟಿಲ್ಲ. ಆಟದ ನಿಯಮ ರೂಪಿಸುವ ಸಂಸ್ಥೆಗಳಲ್ಲಿ ಒಂದಾದ ‘ಆರ್ ಅಂಡ್ ಎ’ ಇರುವುದೂ ಇದೇ ಊರಿನಲ್ಲಿ. 2019ರಲ್ಲಿ ಜಾರಿಗೆ ಬಂದ ನಿಯಮಗಳು ದೂರ ಅಳೆಯಲು ಒಪ್ಪಿದವು. ಆಟದ ನಡುವೆ ಉಪಕರಣದಿಂದ ಗಾಳಿಯ ವೇಗ, ನೆಲದ ಏರಿಳಿತ ಅಳೆಯುವುದನ್ನು ಒಪ್ಪಲಿಲ್ಲ. ಕಡಲಗಾಳಿ ಬೀಸುವ ಈ ಬಯಲಿನಲ್ಲಿ ನಿಜವಾದ ಪರೀಕ್ಷೆ ಅದೇ ಅಲ್ಲವೆ? ಎಷ್ಟೇ ದುಬಾರಿ ಗಡಿಯಾರ ಕಟ್ಟಿದ್ದರೂ, ಗಾಳಿ ಎತ್ತಲೆಂದು ತಿಳಿಯಲು ಚಿಟಿಕೆ ಹುಲ್ಲು ಕಿತ್ತು ತೂರುವುದು ಇಲ್ಲಿ ಇಂದಿಗೂ ಸಲ್ಲುವ ಉಪಾಯ.