ಅಮ್ಮನ ಕಣ್ಣಿನ ಎತ್ತರ

ತ್ರೀಡಿ ಸಾಫ್ಟ್‌ವೇರ್ ತೆರೆದ ತಕ್ಷಣ ಎಲ್ಲರೂ ಗೆರೆ ಎಳೆಯೋಕೆ ಕೂರ್ತಾರೆ. ನನ್ನ ಕೇಳಿದ್ರೆ ಮೊದಲು ತಿರುಗಾಡೋದು ಕಲೀಬೇಕು. ಮಾಡೆಲ್ ಇದ್ದಲ್ಲೇ ಇರುತ್ತೆ, ಓಡಾಡೋದು ಕ್ಯಾಮೆರಾ. ಆರ್ಬಿಟ್ ಅಂದ್ರೆ ಮಾಡೆಲ್‌ಗೆ ಪ್ರದಕ್ಷಿಣೆ, ಪ್ಯಾನ್ ಅಂದ್ರೆ ಪಕ್ಕಕ್ಕೆ ಸರಿಯೋದು, ಜೂಮ್ ಗೊತ್ತೇ ಇದೆ.

ತಲೆನೋವು ಇರೋದು ಬಟನ್‌ಗಳಲ್ಲಿ. ಸ್ಕ್ರೋಲ್ ವೀಲ್ ಒತ್ತಿ ಹಿಡಿದು ಎಳೆದರೆ ಸಾಲಿಡ್‌ವರ್ಕ್ಸ್, ಬ್ಲೆಂಡರ್, ಸ್ಕೆಚ್‌ಅಪ್ ಮೂರರಲ್ಲೂ ಆರ್ಬಿಟ್. ಆಟೋಕ್ಯಾಡ್‌ನಲ್ಲಿ ಮಾತ್ರ ಪ್ಯಾನ್. ಜೊತೆಗೆ ಶಿಫ್ಟ್ ಒತ್ತಿದರೆ ಆಟೋಕ್ಯಾಡ್‌ನಲ್ಲಿ ಆರ್ಬಿಟ್, ಬ್ಲೆಂಡರ್‌ನಲ್ಲಿ ಪ್ಯಾನ್, ಸಾಲಿಡ್‌ವರ್ಕ್ಸ್‌ನಲ್ಲಿ ಜೂಮ್! ಟಚ್‌ಪ್ಯಾಡ್‌ನಲ್ಲೇ ಎಲ್ಲಾ ಮಾಡ್ತೀನಿ ಅನ್ನೋ ಹಾಸ್ಟೆಲ್ ವೀರರಿಗೆ ದೊಡ್ಡ ನಮಸ್ಕಾರ. ಮೌಸ್ ತಗೊಳ್ರಪ್ಪ. ಬ್ಲೆಂಡರ್‌ನಲ್ಲಿ ಜೂಮ್ ಮುಂದೆ ಹೋಗದೆ ಸಿಕ್ಕಿಕೊಂಡ್ರೆ, ಬೇಕಾದ ವಸ್ತು ಸೆಲೆಕ್ಟ್ ಮಾಡಿ ನಂಬರ್ ಪ್ಯಾಡಿನ ಚುಕ್ಕಿ ಒತ್ತಿ. ಕ್ಯಾಮೆರಾ ಅದರ ಹತ್ತಿರ ಹೋಗುತ್ತೆ, ಆಮೇಲೆ ಅದರ ಸುತ್ತಲೇ ತಿರುಗುತ್ತೆ.

ಇಷ್ಟು ಎಲ್ಲರಿಗೂ ಬರುತ್ತೆ. ಸ್ಕೆಚ್‌ಅಪ್‌ನಲ್ಲಿ ಪೊಸಿಷನ್ ಕ್ಯಾಮೆರಾ, ಲುಕ್ ಅರೌಂಡ್, ವಾಕ್ ಅಂತ ಇನ್ನೂ ಮೂರು ಟೂಲ್ ಇವೆ. ಅವನ್ನ ಮುಟ್ಟೋರು ಕಮ್ಮಿ.

ಊರಲ್ಲಿ ನಮ್ಮ ಹಳೇ ಮನೆ ಕೆಡವಿ ಹೊಸದು ಕಟ್ಟೋ ಮಾತಾಗಿ, ಮೇಸ್ತ್ರಿ ಪ್ಲಾನ್ ತಂದುಕೊಟ್ಟಿದ್ರು. ಅದನ್ನ ಅಳತೆ ಪ್ರಕಾರ ಮಾಡೆಲ್ ಮಾಡಿದೆ. ಅಪ್ಪ ಮೇಲಿಂದ ನಾಲ್ಕು ಸುತ್ತು ಹಾಕಿಸಿ ನೋಡಿ "ಭೇಷಾಗಿದೆ" ಅಂದ್ರು. ಆರ್ಬಿಟ್‌ನಲ್ಲಿ ಯಾವ ಮನೆಯಾದ್ರೂ ಭೇಷಾಗೇ ಇರುತ್ತೆ, ಯಾಕಂದ್ರೆ ನಾವು ಗರುಡ ಪಕ್ಷಿ ಹಾಗೆ ಮೇಲಿರ್ತೀವಿ. ಆ ಎತ್ತರದಲ್ಲಿ ನಿಂತು ಯಾರೂ ಸಾರು ಕುದಿಸಲ್ಲ.

ಪೊಸಿಷನ್ ಕ್ಯಾಮೆರಾ ತಗೊಂಡು ನೆಲದ ಮೇಲೆ ಕ್ಲಿಕ್ ಮಾಡಿದ್ರೆ, ಅಲ್ಲಿಂದ 5 ಅಡಿ 6 ಇಂಚು ಎತ್ತರದಲ್ಲಿ ಕಣ್ಣು ನಿಲ್ಲುತ್ತೆ. ಅದು ಸಾಫ್ಟ್‌ವೇರ್ ತಾನಾಗೇ ಹಿಡಿಯೋ ಎತ್ತರ. ಅಲ್ಲಿಂದ ಅಡುಗೆಮನೆ ಕಿಟಕಿಯಲ್ಲಿ ಹಿತ್ತಿಲು, ಕೊಟ್ಟಿಗೆ, ಎರಡು ಹಸು ಎಲ್ಲಾ ಕಾಣ್ತಿತ್ತು. ಆದ್ರೆ ನಮ್ಮಮ್ಮನ ಪೂರ್ತಿ ಎತ್ತರವೇ 5 ಅಡಿ. ಟೇಪ್ ಹಿಡಿದು ನೋಡಿದ್ರೆ ಕಣ್ಣು ಇರೋದು 4 ಅಡಿ 8 ಇಂಚಲ್ಲಿ. ಅದನ್ನೇ ಟೈಪ್ ಮಾಡಿ ಎಂಟರ್ ಒತ್ತಿದೆ. ಹಸು ಮಾಯ! ಕಿಟಕಿಯ ಕೆಳಅಂಚು ನೆಲದಿಂದ 4 ಅಡಿ 6 ಇಂಚಿತ್ತು. ಕಟ್ಟೆ ಮುಂದೆ ನಿಂತರೆ ಕಾಣೋದು ಕೊಟ್ಟಿಗೆ ಸೂರು, ಮೇಲೊಂದಿಷ್ಟು ಆಕಾಶ.

ಅಮ್ಮ ಪ್ಲಾನ್ ಬಗ್ಗೆ ಅಲ್ಲೀತನಕ ಒಂದು ಮಾತೂ ಆಡಿರಲಿಲ್ಲ. ಸ್ಕ್ರೀನ್ ನೋಡಿ, "ಸೂರು ನೋಡ್ಕೊಂಡು ಏನ್ ಮಾಡ್ಲೋ, ಹಸು ಹಗ್ಗ ಬಿಚ್ಕೊಂಡ್ರೆ ಗೊತ್ತಾಗ್ಬೇಡ್ವಾ?" ಅಂದ್ಳು. ಇಪ್ಪತ್ತು ವರ್ಷ ಒಲೆ ಮುಂದೆ ನಿಂತೇ ಕೊಟ್ಟಿಗೆ ಕಾದವಳು. ಕಾಗದದ ಮೇಲೆ ಕಿಟಕಿ ಅಂದ್ರೆ ಗೋಡೆ ನಡುವೆ ಎರಡು ಗೆರೆ. ಅದರಲ್ಲಿ ಅವಳಾದರೂ ಏನು ಹುಡುಕಬೇಕಿತ್ತು? ಕಿಟಕಿ 1 ಅಡಿ ಕೆಳಗಿಳಿಸಿ ಮತ್ತೆ ನಿಲ್ಲಿಸಿದೆ, ಹಸು ವಾಪಸ್ ಬಂದವು. ಮೇಸ್ತ್ರಿ ಗೊಣಗಲಿಲ್ಲ, ಪೆನ್ಸಿಲ್‌ನಲ್ಲಿ ತಿದ್ದಿಕೊಂಡ್ರು. ಗೋಡೆ ಎದ್ದಮೇಲೆ ಹೇಳಿದ್ರೆ ಗೊಣಗ್ತಿದ್ರೋ ಏನೋ.

ಒಂದು ಎಚ್ಚರಿಕೆ. ಸ್ಕೆಚ್‌ಅಪ್‌ನ ಫೀಲ್ಡ್ ಆಫ್ ವ್ಯೂ ಮೊದಲಿಗೆ 35 ಡಿಗ್ರಿ ಇರುತ್ತೆ. ರೂಮಿನೊಳಗೆ ಅದು ಪೈಪಿನಲ್ಲಿ ಇಣುಕಿದಂಗೆ. 60ಕ್ಕೆ ಏರಿಸಿದರೆ ಉಸಿರಾಡಬಹುದು. 90 ಮಾಡಿದ್ರೋ, ಹತ್ತಕ್ಕೆ ಹತ್ತರ ರೂಮೂ ಕಲ್ಯಾಣ ಮಂಟಪದ ಥರ ಕಾಣುತ್ತೆ. ಫ್ಲ್ಯಾಟ್ ಜಾಹೀರಾತಿನ ಹಾಲ್‌ಗಳು ಅಷ್ಟು ವಿಶಾಲ ಯಾಕೆ ಅಂತ ಈಗ ನನಗೆ ಅನುಮಾನ.

ವಾಕ್ ಟೂಲ್ ಅಪ್ಪನಿಗೆ ಬಲು ಇಷ್ಟವಾಯ್ತು. ಗೋಡೆ ಬಂದ್ರೆ ನಿಲ್ಲುತ್ತೆ, ಮೆಟ್ಟಿಲು ಬಂದ್ರೆ ಹತ್ತುತ್ತೆ, ಆಲ್ಟ್ ಒತ್ತಿದ್ರೆ ದೆವ್ವದ ಹಾಗೆ ಗೋಡೆಯೊಳಗೇ ನುಗ್ಗುತ್ತೆ. ಕೊನೆಗೆ ಅಜ್ಜಿಯ ಸರದಿ. ಅವರು ದಿನವಿಡೀ ಜಗಲಿ ಮೇಲೆ ಕಾಲು ಮಡಚಿ ಕೂರೋರು. ಕೂತಾಗ ಕಣ್ಣು ಜಗಲಿಯಿಂದ 2 ಅಡಿ 3 ಇಂಚು. ಆ ಎತ್ತರಕ್ಕೆ ಇಳಿಸಿದ್ರೆ ಅಪ್ಪ ಆಸೆಪಟ್ಟು ಹಾಕಿಸಿದ ಕಟ್ಟೆಗೋಡೆ ರಸ್ತೆಯನ್ನ ಪೂರ್ತಿ ಮುಚ್ಚಿಬಿಡುತ್ತೆ. ಗೋಡೆ ಇಳಿಸೋದಾ, ಅಜ್ಜಿಗೆ ಕುರ್ಚಿ ಹಾಕೋದಾ ಅನ್ನೋ ಚರ್ಚೆ ಇನ್ನೂ ನಡೀತಿದೆ. ಅಜ್ಜಿ ಕುರ್ಚಿ ಒಪ್ಪಿಲ್ಲ.